ಹೊಸ್ತಿಲ ಗಡಿಗೆ

"ಅಯ್ಯನವರೆ, ದೊಡ್ಡವರಿಬ್ಬರು ಹಗೆ ಕಟ್ಟಿಕೊಂಡಾಗ ಸಣ್ಣ ಊರಿನವರು ಯಾರಾದರೊಬ್ಬರ ಬೆನ್ನಿಗೆ ನಿಲ್ಲುವುದು ತಪ್ಪೇ?"

ಈ ಪ್ರಶ್ನೆಯನ್ನು ನಿಂಬಣ್ಣ ದಾರಿಯುದ್ದಕ್ಕೂ ಮನಸ್ಸಿನೊಳಗೇ ಹೇಳಿಕೊಂಡು ಬಂದಿದ್ದ. ನಾಲ್ಕು ಜನರ ಮುಂದೆ ಬಾಯಿ ಬಿಡುವ ಸ್ವಭಾವ ಅವನದಲ್ಲ. ಮಠದಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೇ ಕೇಳಿದ.

ಗುಡ್ಡದ ಮೇಲಿನ ಮಠ ಅದು. ಅಲ್ಲಿಯ ಗುರುವನ್ನು ಸುತ್ತಿನ ಜನ ಗುಡ್ಡದಯ್ಯ ಎನ್ನುತ್ತಿದ್ದರು. ಅಯ್ಯನವರು ಜಗಲಿಯಲ್ಲಿ ಕೂತು ಮಧ್ಯಾಹ್ನದ ದಾಸೋಹಕ್ಕೆ ಕಡ್ಡಿ ಚುಚ್ಚಿ ಮುತ್ತುಗದ ಎಲೆ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಇದು ನಿನ್ನ ಪ್ರಶ್ನೆಯೋ, ಊರಿನದೋ?"

"ಊರಿನದು. ಕೋಟೆಯ ನಾಯಕರಿಗೂ ಹೊಳೆಯಾಚೆಯ ನಾಯಕರಿಗೂ ಆಗಿಬರುವುದಿಲ್ಲ ಎನ್ನುವುದು ತಮಗೆ ಗೊತ್ತೇ ಇದೆ. ಕೋಟೆಯ ನಾಯಕರು ಓಲೆ ಕಳಿಸಿದ್ದಾರೆ. ಅವರ ಮೇಲೆ ಯಾರಾದರೂ ಬಂದರೆ ನಾವು ಹೋಗಬೇಕು. ನಮ್ಮ ಮೇಲೆ ಬಂದರೆ ಅವರು ಬರುತ್ತಾರೆ. ಹಿರಿಯರೆಲ್ಲ ಒಪ್ಪಿದ್ದಾರೆ. ನಾಳೆ ಆಣೆ."

"ಒಪ್ಪಿ ಆದ ಮೇಲೆ ಪ್ರಶ್ನೆ ಕೇಳುತ್ತೀಯಲ್ಲ, ಎಲೆ ಎತ್ತಿದ ಮೇಲೆ ಉಪ್ಪು ಕೇಳಿದ ಹಾಗೆ. ನಿಜ ಹೇಳು, ಯಾಕೆ ಬಂದೆ?"

ನಿಂಬಣ್ಣ ನೆಲ ನೋಡಿದ. "ಗಂಟೆ ಬೇಕಿತ್ತು."

ಜಗಲಿಯ ತೊಲೆಗೆ ಕಂಚಿನ ಗಂಟೆಯೊಂದು ತೂಗುತ್ತಿತ್ತು. ಅದನ್ನು ಬಾರಿಸಿದರೆ ಮೂರು ಊರಿನ ಹಸಿದವರು ಊಟಕ್ಕೆ ಬರುತ್ತಿದ್ದರು. ನಿಂಬಣ್ಣನೂ ಚಿಕ್ಕಂದಿನಲ್ಲಿ ಅದನ್ನು ಕೇಳಿ ಓಡಿ ಬಂದವನೇ.

"ಊರಲ್ಲಿ ಕಾವಲಿಗೆಂದು ಬುರುಜಿನಂಥ ಹುಡೇವು ಕಟ್ಟಿ ಮುಗಿಸಿದ್ದೇವೆ. ಮೇಲೆ ತೂಗಲು ಗಂಟೆಯಿಲ್ಲ. ಇದರ ದನಿ ದೂರ ಹೋಗುತ್ತದೆ ಎಂದು ಹಿರಿಯರು..."

"ಬಾರಿಸುವವನು ಯಾರು?"

"ನಾನೇ. ಓಲೆಯಲ್ಲಿ ನನ್ನ ಹೆಸರು ಬರೆದಿದ್ದಾರೆ."

ಆ ಮಾತಿನಲ್ಲಿ ಒಂದು ಸಣ್ಣ ಹೆಮ್ಮೆ ಇತ್ತು. ಅದು ಅಯ್ಯನವರ ಕಿವಿಗೆ ಬಿತ್ತು. ಅವರ ಕೈಯ ಕಡ್ಡಿ ಲಟಕ್ಕನೆ ಮುರಿಯಿತು.

"ಕೂತುಕೋ" ಎಂದರು. ಎಲೆಗಳನ್ನು ಪಕ್ಕಕ್ಕೆ ಸರಿಸಿ ಕತೆ ಹೇಳಿದರು.

ಒಂದು ಸೀಮೆಯಲ್ಲಿ ಇಬ್ಬರು ದೊಡ್ಡವರಿದ್ದರು. ಮೇಲಿನೂರಿಗೆ ಒಬ್ಬ ಗೌಡ, ಕೆಳಗಿನೂರಿಗೆ ಒಬ್ಬ ದೇಸಾಯಿ. ಎರಡೂರಿನ ನಡುವೆ ಒಂದು ಹಳ್ಳ. ಹಳ್ಳದ ಈಚೆ ದಡದಲ್ಲೊಂದು ಪುಟ್ಟ ಹಳ್ಳಿ, ಆಚೆ ದಡದಲ್ಲೊಂದು ಪುಟ್ಟ ಹಳ್ಳಿ.

ನಾಲ್ಕೂ ಕಡೆ ಮನೆಗಳಿಗೆ ಹುಲ್ಲಿನ ಹೊದಿಕೆ. ಬೇಸಿಗೆಯಲ್ಲಿ ಒಂದು ಕಿಡಿ ಹಾರಿದರೆ ಊರಿಗೆ ಊರೇ ಬೂದಿ. ಅದಕ್ಕೇ ಹಿಂದಿನವರು ಒಂದು ಕಟ್ಟಳೆ ಮಾಡಿಟ್ಟಿದ್ದರು. ಪ್ರತಿ ಮನೆಯ ಹೊಸ್ತಿಲ ಪಕ್ಕದಲ್ಲಿ ಒಂದು ಗಡಿಗೆ, ಅದರ ತುಂಬ ನೀರು. ಆ ನೀರನ್ನು ಕುಡಿಯುವಂತಿಲ್ಲ, ಅದರಲ್ಲಿ ಕಾಲು ತೊಳೆಯುವಂತಿಲ್ಲ. ಯಾವ ಊರಲ್ಲಿ ನಗಾರಿ ಬಡಿದರೂ ಮಿಕ್ಕ ಮೂರು ಊರಿನವರು ಹೊಸ್ತಿಲ ಗಡಿಗೆ ಹೊತ್ತು ಅಲ್ಲಿಗೆ ಹೋಗಬೇಕು. ತುಂಬಿದ ಗಡಿಗೆ ಹೊತ್ತವನು ಕಣ್ಣು ಮುಚ್ಚಿ ಓಡಲಾರ. ಅದಕ್ಕೇ ಅವನಿಗಿಂತ ಮುಂಚೆ ಊರಿಗೊಬ್ಬ ಬರಿಗೈಯಲ್ಲಿ ಓಡುತ್ತಿದ್ದ. ಎಲ್ಲಿ ಬೆಂಕಿ, ಎಷ್ಟು ಬೆಂಕಿ ಎಂದು ನೋಡಿಕೊಂಡು ಬಂದು ಹೇಳುವುದು ಅವನ ಕೆಲಸ. ನೋಡಿಬರುವವನು ಎಂದೇ ಅವನನ್ನು ಕರೆಯುತ್ತಿದ್ದರು. ಅರ್ಧ ಸಲ ಅವನು ದಾರಿಯಲ್ಲೇ ನಗುತ್ತ ಎದುರಾಗುತ್ತಿದ್ದ.

"ಏನೂ ಇಲ್ರಪ್ಪೋ! ಮುದುಕಿ ಹಿತ್ತಲ ಕಸಕ್ಕೆ ಬೆಂಕಿ ಇಟ್ಟಿದ್ದಾಳೆ. ತಿರುಗಿ, ತಿರುಗಿ!"

ಜನ ಮುದುಕಿಯನ್ನೂ ಅವನನ್ನೂ ಬೈದು, ಗಡಿಗೆ ಇಳಿಸಿ, ಎಲೆಯಡಿಕೆ ಹಾಕಿಕೊಂಡು ತಿರುಗುತ್ತಿದ್ದರು. ಹಾಗೆ ನೂರು ವರ್ಷ ನಡೆದಿತ್ತು.

ಈ ಗಡಿಗೆಗಳನ್ನು ಮಾಡುತ್ತಿದ್ದವನು ಈಚೆ ದಡದ ಒಬ್ಬ ಕುಂಬಾರ. ಅವನ ಒಬ್ಬಳೇ ಮಗಳನ್ನು ಆಚೆ ದಡದ ಒಬ್ಬ ಕುಂಬಾರನಿಗೆ ಕೊಟ್ಟಿತ್ತು. ಒಳ್ಳೆಯ ಜೇಡಿಮಣ್ಣು ಆಚೆ ದಡದಲ್ಲಿ. ಸುಡಲು ಬೇಕಾದ ಸೌದೆ ಈಚೆ ದಡದ ಕುರುಚಲು ಕಾಡಿನಲ್ಲಿ. ಆದ್ದರಿಂದ ಮಾವ ಅಳಿಯ ಸೇರಿ, ಯುಗಾದಿಗೆ ಮೊದಲು ಹಳ್ಳ ಬತ್ತಿದಾಗ, ಅದರ ನಡುವಿನ ಮರಳದಿಬ್ಬದ ಮೇಲೆ ಒಂದೇ ಆವಿಗೆ ಹೂಡಿ ಮಡಕೆ ಸುಡುತ್ತಿದ್ದರು. ನಾಲ್ಕೂ ಊರಿಗೆ ಆ ವರ್ಷದ ಹೊಸ ಗಡಿಗೆ ಆ ಆವಿಗೆಯಿಂದಲೇ ಬರುತ್ತಿತ್ತು.

ಗೌಡನಿಗೂ ದೇಸಾಯಿಗೂ ಹಗೆ ಯಾಕೆ ಹುಟ್ಟಿತು ಎಂದು ಕೇಳಬೇಡ. ಕೇಳಿದರೆ ಇಬ್ಬರೂ ಕಾರಣ ಹೇಳುತ್ತಿದ್ದರು. ಇಬ್ಬರ ಕಾರಣವೂ ಒಂದೇ. ಅವನು ದೊಡ್ಡವನಾಗುತ್ತಿದ್ದಾನೆ.

ಕಳ್ಳಕಾಕರನ್ನು ಕಾಯಲು ಗೌಡ ಹನ್ನೆರಡು ಮೊಳದ ಹುಡೇವು ಕಟ್ಟಿಸಿದ್ದ. ಅದರ ಮೇಲೆ ನಿಂತರೆ ಅವನ ಕಣಗಳು ಕಾಣುತ್ತಿದ್ದವು. ದೇಸಾಯಿ ಹದಿನಾಲ್ಕು ಮೊಳದ್ದು ಕಟ್ಟಿಸಿದ. ಅದರ ಮೇಲಿಂದ ಗೌಡನ ಅಂಗಳ ಕಾಣುತ್ತಿತ್ತು. ಗೌಡನಿಗೆ ಮೈ ಉರಿಯಿತು. ಹದಿನೆಂಟು ಮಾಡಿಸಿದ. ದೇಸಾಯಿ ಇಪ್ಪತ್ತೆರಡು ಮಾಡಿಸಿದ. ಹೊಲದ ಮಣ್ಣೆಲ್ಲ ಹುಡೇವಿಗೆ ಹೋಯಿತು. ಕೊನೆಗೆ ಎರಡೂ ಮೂವತ್ತು ಮೊಳ ಮುಟ್ಟಿದವು. ಅಷ್ಟೆತ್ತರ ಏರಿದರೆ ಊರಿನವರಿಗೆ ತಲೆ ಸುತ್ತುತ್ತಿತ್ತು. ದೊಡ್ಡವರಿಬ್ಬರೂ ಎಲ್ಲಿಂದಲೋ ಸಂಬಳದ ಕಾವಲುಗಾರರನ್ನು ತಂದು ನಿಲ್ಲಿಸಿದರು. ಹನ್ನೆರಡು ಮೊಳದಿಂದ ನೋಡಿದರೆ ಬರುವವನ ಮುಖ ಗುರುತು ಸಿಗುತ್ತಿತ್ತು. ಮೂವತ್ತು ಮೊಳದಿಂದ ನೋಡಿದರೆ ಒಂದು ಚುಕ್ಕೆ. ಹೊರಗಿನಿಂದ ಬಂದ ಕಾವಲುಗಾರನಿಗೆ ಎಲ್ಲ ಚುಕ್ಕೆಯೂ ಹಗೆಯೇ.

ಆಮೇಲೆ ಇಬ್ಬರಿಗೂ ಜೊತೆಗಾರರು ಬೇಕೆನಿಸಿತು. ಗೌಡ ಈಚೆ ದಡದ ಹಳ್ಳಿಗೆ ಹೇಳಿಕಳಿಸಿದ. ದೇಸಾಯಿ ಆಚೆ ದಡದ ಹಳ್ಳಿಗೆ ಹೇಳಿಕಳಿಸಿದ. ಮಾತು ಸಿಹಿಯಾಗಿತ್ತು. ನಿಮ್ಮ ಮೇಲೆ ಬಂದವರು ನಮ್ಮ ಮೇಲೆ ಬಂದ ಹಾಗೆ. ನಿಮ್ಮ ನಗಾರಿ ನಮ್ಮ ನಗಾರಿ. ಸಣ್ಣ ಹಳ್ಳಿಯವರಿಗೆ ಇದಕ್ಕಿಂತ ಇನ್ನೇನು ಬೇಕು? ಅವರ ಎದೆ ಒಂದು ಗೇಣು ಅಗಲವಾಯಿತು. ನಿನ್ನೆಯವರೆಗೆ ಗೌಡನ ಮನೆಯ ಹಿತ್ತಲಲ್ಲಿ ನಿಲ್ಲುತ್ತಿದ್ದವರಿಗೆ ಕಂಬಳಿ ಹಾಸಿ ಕೂರಿಸಿದರು.

ಈಚೆ ದಡದವರು ದೇವರ ಅರಿಸಿನದ ಭಂಡಾರ ಮುಟ್ಟಿ ಆಣೆ ಇಡುವ ದಿನ ಬಂತು. ಗೌಡನ ಕಾರಭಾರಿ ಕರಾರು ಓದಿದ. ಹೊಸ್ತಿಲ ಗಡಿಗೆಯ ಜಾಗದಲ್ಲಿ ಇನ್ನು ಮೇಲೆ ಈಟಿ ಇರಬೇಕು. ಹೊಗೆ ಕಂಡರೆ ನಗಾರಿ. ನಗಾರಿ ಕೇಳಿದರೆ ಈಟಿ. ಮುಂದಿನ ಸಾಲು ಹತ್ತಿರದ ಹಳ್ಳಿಯವರದು. ಅದು ಮಾನದ ಜಾಗ ಎಂದು ಒತ್ತಿ ಓದಿದ.

ಕುಂಬಾರ ಎಲ್ಲರ ಹಿಂದೆ ಕೂತಿದ್ದ. ಅವನ ಕೈ ತಾನಾಗಿ ಮೇಲೆದ್ದಿತು.

"ಬುದ್ಧೀ, ಒಂದು ಮಾತು. ನೋಡಿಬರುವವನು ಯಾರು?"

"ಏನದು?"

"ನಗಾರಿ ಬಡಿದಾಗ ಮೊದಲು ಹೋಗಿ ನೋಡಿಕೊಂಡು ಬರುವವನು. ಅವನ ಹೆಸರು ಓದಲಿಲ್ಲ."

ಕಾರಭಾರಿ ನಕ್ಕ. "ಲೋ ಕುಂಬಾರ, ನೀನು ತಿಗರಿ ತಿರುಗಿಸಿ ತಿರುಗಿಸಿ ನಿನ್ನ ತಲೆಯೂ ತಿರುಗಿದೆ. ಒಬ್ಬ ಹೋಗಿ ನೋಡಿ ಬರಲು ಅರ್ಧ ಜಾವ ಬೇಕು. ಅಷ್ಟರಲ್ಲಿ ದೇಸಾಯಿಯ ಜನ ನಿನ್ನ ಮನೆಯೊಳಗೆ ಕೂತು ನಿನ್ನದೇ ಮಡಕೆಯಲ್ಲಿ ಅಂಬಲಿ ಕುಡಿಯುತ್ತಿರುತ್ತಾರೆ."

ಊರೆಲ್ಲ ನಕ್ಕಿತು. ಕುಂಬಾರನೂ ನಕ್ಕ. ನಗದಿದ್ದರೆ ಅವನೊಬ್ಬನೇ ಬೇರೆಯಾಗಿ ಕಾಣುತ್ತಿದ್ದ. ತನ್ನ ಸರದಿ ಬಂದಾಗ ಅವನೂ ಭಂಡಾರ ಮುಟ್ಟಿದ.

ಅದೇ ದಿನ, ಅದೇ ಹೊತ್ತಿಗೆ, ಆಚೆ ದಡದಲ್ಲಿ ಅವನ ಅಳಿಯನೂ ಮುಟ್ಟಿದ.

"ಆ ಕುಂಬಾರ ಮುಟ್ಟದೆ ಇರಬಹುದಿತ್ತಲ್ಲ" ಎಂದ ನಿಂಬಣ್ಣ.

"ಇರಬಹುದಿತ್ತು. ಅವನಿಗೂ ಆ ಮಾತು ಆಮೇಲೆ ಹೊಳೆಯಿತು" ಎಂದರು ಅಯ್ಯನವರು. ಅವರ ದನಿ ಒರಟಾಗಿತ್ತು. ಕತೆ ಮುಂದುವರಿಯಿತು.

ಯುಗಾದಿ ಹತ್ತಿರ ಬಂತು. ಮಾವ ಅಳಿಯ ಎಂದಿನಂತೆ ಮರಳದಿಬ್ಬದ ಮೇಲೆ ಸೇರಿದರು. ಮಗಳು ಬುತ್ತಿ ತಂದಿದ್ದಳು.

"ಏನು ಮಾವ, ಹಗೆಯವನ ಜೊತೆ ಆವಿಗೆ ಹೂಡುತ್ತಿದ್ದೀರಿ. ಗೌಡರು ಕೇಳಿದರೆ ನಿಮ್ಮ ಕಂಬಳಿ ಕಿತ್ತುಕೊಂಡಾರು" ಎಂದ ಅಳಿಯ.

"ಕಿತ್ತುಕೊಳ್ಳಲಿ ಬಿಡಪ್ಪ. ಆ ಕಂಬಳಿಯ ತುಂಬ ತಿಗಣೆ. ನಿನಗೆ ದೇಸಾಯಿ ಏನು ಹಾಸಿದ?"

"ಜಮಖಾನ."

"ಅಬ್ಬ! ಹಾಗಾದರೆ ನೀನೇ ದೊಡ್ಡ ಹಗೆ. ಆ ಸೌದೆ ಇತ್ತ ಕೊಡು."

ಮಗಳು ಇಬ್ಬರನ್ನೂ ನೋಡಿ ತಲೆ ಚಚ್ಚಿಕೊಂಡಳು. "ಅಪ್ಪಾ, ಈ ಗಡಿಗೆ ಯಾರಿಗೆ? ಹೊಸ್ತಿಲಲ್ಲೆಲ್ಲ ಈಟಿ ನಿಂತಿವೆ."

"ಈಟಿಯ ಪಕ್ಕದಲ್ಲಿ ಒಂದು ಗಡಿಗೆಗೆ ಜಾಗ ಇಲ್ಲದಷ್ಟು ಸಣ್ಣ ಮನೆ ಯಾರದೂ ಇಲ್ಲ, ಮಗಳೇ" ಎಂದ ಕುಂಬಾರ.

ಗಡಿಗೆ ಜೋಡಿಸಿದರು. ಹುಲ್ಲು, ಬೆರಣಿ, ಸೌದೆ ಹೊದಿಸಿ ಮಣ್ಣು ಮೆತ್ತಿದರು. ಹಿಂದಿನ ಸಂಜೆ ಒಂದು ಅಡ್ಡಮಳೆ ಬಂದು ಸೌದೆ ನೆನೆದಿತ್ತು. ಬೆಂಕಿ ಹಿಡಿದಾಗ ಹೊಗೆ ಎದ್ದಿತು. ಅಂಥ ಹೊಗೆಯನ್ನು ಅವರೂ ಕಂಡಿರಲಿಲ್ಲ. ಗಾಳಿ ಇರಲಿಲ್ಲ. ಹೊಗೆ ಕಪ್ಪು ಕಂಬದಂತೆ ನೆಟ್ಟಗೆ ಮೇಲೇರಿತು.

ಮೇಲಿನೂರಿನ ಕಾವಲುಗಾರ ಅದನ್ನು ಮೂವತ್ತು ಮೊಳದ ಮೇಲಿಂದ ಕಂಡ. ಅವನಿಗೆ ಯುಗಾದಿ ಗೊತ್ತಿಲ್ಲ, ಆವಿಗೆ ಗೊತ್ತಿಲ್ಲ. ಈಚೆ ದಡದ ಹಳ್ಳಿ ಉರಿಯುತ್ತಿದೆ ಎಂದುಕೊಂಡ. ನಗಾರಿ ಬಡಿದ. ಕೆಳಗಿನೂರಿನ ಕಾವಲುಗಾರನಿಗೂ ಅದೇ ಹೊಗೆ ಕಂಡಿತು. ಆಚೆ ದಡದ ಹಳ್ಳಿ ಉರಿಯುತ್ತಿದೆ ಎಂದುಕೊಂಡ. ಅವನೂ ಬಡಿದ. ಅದನ್ನು ಕೇಳಿ ಎರಡು ಪುಟ್ಟ ಹಳ್ಳಿಗಳಲ್ಲೂ ನಗಾರಿ ಬಡಿದರು.

ಗೌಡನ ಮನೆಯಲ್ಲಿ ಒಬ್ಬ ಮುದುಕ ಆಳಿದ್ದ. ಮೂವತ್ತು ವರ್ಷ ಅವನೇ ಆ ಊರಿನ ನೋಡಿಬರುವವನು. ಈಗ ದನದ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ. ನಗಾರಿ ಕೇಳಿ ಕೈ ತೊಳೆಯದೆ ಓಡಿ ಬಂದ.

"ದಣಿ, ಯುಗಾದಿ ಬಂತಲ್ಲ. ಕುಂಬಾರನ ಆವಿಗೆ ಇದ್ದೀತು. ಒಂದು ಓಟ ಓಡಿ ನೋಡಿ ಬರಲೇ?"

ಗೌಡ ಹೊಗೆಯ ಕಡೆ ನೋಡಿದ. ಅವನೇನು ದಡ್ಡನಲ್ಲ. ಆ ಆವಿಗೆಯ ಗಡಿಗೆಯಲ್ಲಿ ಅವನ ಅಜ್ಜನ ಕಾಲದಿಂದ ನೀರಿಟ್ಟಿದ್ದರು.

"ಇದ್ದೀತು" ಎಂದ. "ಆದರೆ ನಮ್ಮ ನಗಾರಿ ಬಡಿದಾಗಿದೆ. ಅದನ್ನು ಕೇಳಿ ದೇಸಾಯಿ ಈಟಿ ತೆಗೆದಿರುತ್ತಾನೆ. ಅವನು ಈಟಿ ತೆಗೆದಿರುವಾಗ ನಾನು ನಿನ್ನ ದಾರಿ ಕಾಯುತ್ತ ಕೂರಲೇನು? ಕುದುರೆ ತನ್ನಿ."

ಕೆಳಗಿನೂರಿನಲ್ಲಿ ದೇಸಾಯಿಯೂ ಇದೇ ಮಾತು ಹೇಳಿದ. ಹೆಸರೊಂದು ಬೇರೆ.

ನೋಡಪ್ಪ, ಇಬ್ಬರಿಗೂ ಗೊತ್ತಿತ್ತು. ನೆನಪಿಟ್ಟುಕೋ. ಇಬ್ಬರಿಗೂ ಗೊತ್ತಿತ್ತು.

ಆವಿಗೆಯ ಹತ್ತಿರ ಕುಂಬಾರನಿಗೆ ನಾಲ್ಕು ನಗಾರಿಯೂ ಕೇಳಿಸಿತು. ಅವನ ಮೈಗೆ ಹಳೆಯ ಅಭ್ಯಾಸ. ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡ. ನೀರಿನ ಗಡಿಗೆ ತಲೆಗೇರಿಸಿ ಎತ್ತ ಓಡಲಿ ಎಂದು ಸುತ್ತ ನೋಡಿದ. ಎಲ್ಲೂ ಬೆಂಕಿ ಕಾಣಲಿಲ್ಲ. ಎರಡೂ ದಡದಲ್ಲಿ ಜನ ಇಳಿಯುವುದು ಕಂಡಿತು. ಈಟಿಗಳು ಕಂಡವು. ಆಗ ಅವನಿಗೆ ತನ್ನ ಹೊಗೆ ಕಂಡಿತು.

ಗಡಿಗೆ ಹೊತ್ತುಕೊಂಡೇ ನಡುಹಳ್ಳಕ್ಕೆ ಓಡಿದ. "ನನ್ನ ಆವಿಗೆ! ನನ್ನ ಆವಿಗೆ ಕಣ್ರಪ್ಪೋ! ಗಡಿಗೆ ಸುಡುತ್ತಿದ್ದೇವೆ. ತಿರುಗಿ, ತಿರುಗಿ!"

ಎಲ್ಲರಿಗೂ ಕೇಳಿಸಿತು. ಎಲ್ಲರಿಗೂ ಆವಿಗೆ ಕಾಣುತ್ತಿತ್ತು. ಓಡಿ ಬಂದವರು ನಿಂತರು. ಈಟಿ ಹಿಡಿದ ಕೆಲವರು ನಾಚಿದರು. ಯಾರೋ ಒಬ್ಬ ನಕ್ಕೂಬಿಟ್ಟ. ಹಿಂದಿನ ದಿನಗಳಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೈದುಕೊಂಡು, ಎಲೆಯಡಿಕೆ ಹಾಕಿಕೊಂಡು ಹೋಗುತ್ತಿದ್ದರು.

ಆದರೆ ಗಡಿಗೆ ಹೊತ್ತವನು ಬೆನ್ನು ತಿರುಗಿಸಿ ಹೋಗಬಹುದು. ಈಟಿ ಹಿಡಿದವನು ಈಟಿ ಹಿಡಿದವನಿಗೆ ಬೆನ್ನು ತಿರುಗಿಸಲಾರ.

"ನಿನ್ನ ಜನರನ್ನು ದಡ ಹತ್ತಿಸು" ಎಂದು ಗೌಡ ಕೂಗಿದ.

"ಮೊದಲು ನಿನ್ನವರು ಹತ್ತಲಿ" ಎಂದು ದೇಸಾಯಿ ಕೂಗಿದ.

ಇಬ್ಬರೂ ಕುದುರೆಯ ಮೇಲಿದ್ದರು. ಇಬ್ಬರೂ ಸಾಲಿನ ಹಿಂದಿದ್ದರು.

ಅಷ್ಟರಲ್ಲಿ ಆಚೆ ದಡದವರು ಅಳಿಯನನ್ನು ಕಂಡರು. "ಲೇ, ಭಂಡಾರ ಮುಟ್ಟಿದವನು ಅಲ್ಲೇನು ಮಾಡುತ್ತಿದ್ದೀಯ? ಹೆಂಡತಿಯ ತವರಿನ ಕಡೆ ನಿಲ್ಲುತ್ತೀಯಾ? ಬಾ ನಮ್ಮ ಕಡೆ!" ಅವನು ಹೆಂಡತಿಯನ್ನು ನೋಡಿದ. "ಆವಿಗೆ ಆರದಂತೆ ನೋಡಿಕೋ, ಈಗ ಬಂದೆ" ಎಂದ. ಹೋಗಿ ಮುಂದಿನ ಸಾಲಿನಲ್ಲಿ ನಿಂತ. ಕೈಗೆ ಒಂದು ಈಟಿ ಕೊಟ್ಟರು.

ಈಚೆ ದಡದವರು ಕುಂಬಾರನನ್ನು ಎಳೆದುಕೊಂಡರು. "ಗಡಿಗೆ ಹೊತ್ತು ದಂಡಿಗೆ ಬಂದೆಯಾ, ಕಾಕಾ? ನಿನ್ನಿಂದ ಊರಿನ ಮಾನ ಹೋಯಿತು" ಎಂದು ಒಬ್ಬ ಅವನ ತಲೆಯ ಗಡಿಗೆ ಕೆಡವಿದ. ಅದು ಒಡೆದು ನೀರು ಮರಳಿಗೆ ಇಳಿಯಿತು. ಅವನ ಎರಡೂ ಕೈಗೆ ಈಟಿ ತುರುಕಿದರು. ಈಟಿ ಹೇಗೆ ಹಿಡಿಯಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಆವಿಗೆ ಕೆದಕುವ ಕೋಲಿನಂತೆ ಮುಂದಕ್ಕೆ ಚಾಚಿ ಹಿಡಿದ.

ಎರಡು ಸಾಲು ಎದುರುಬದುರು ನಿಂತವು. ನಡುವೆ ಇಪ್ಪತ್ತು ಹೆಜ್ಜೆ ಮರಳು. ಮುಂದಿನ ಸಾಲಿನವರಿಗೆ ಮುಂದೆ ಹೋಗುವ ಮನಸ್ಸಿರಲಿಲ್ಲ. ಎದುರಿಗಿದ್ದವರೆಲ್ಲ ನೆಂಟರು, ಗೆಳೆಯರು, ಎತ್ತು ಕೊಂಡವರು, ಎತ್ತು ಮಾರಿದವರು. ಹಿಂದಿನ ಸಾಲಿನವರಿಗೆ ಮುಂದೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ. ಏನಾಗುತ್ತಿದೆ ಎಂದು ನೋಡಲು ಅವರು ಮುಂದಕ್ಕೆ ಒತ್ತಿದರು. ಅವರ ಹಿಂದಿನವರು ಅವರನ್ನು ಒತ್ತಿದರು. ಇಪ್ಪತ್ತು ಹೆಜ್ಜೆ ಹತ್ತಾಯಿತು. ಹತ್ತು ಐದಾಯಿತು.

ಮುದುಕ ಮಾವ ಮರಳಿನಲ್ಲಿ ಎಡವಿದ್ದನ್ನು ಅಳಿಯ ಕಂಡ. ತನ್ನ ಈಟಿ ಬಿಸಾಡಿ, ಹಿಡಿದುಕೊಳ್ಳಲು ಎರಡೂ ಕೈ ಚಾಚಿ ಓಡಿ ಬಂದ. "ಮಾವಾ, ನಿಧಾನ" ಎಂದ.

ಕುಂಬಾರ ತಿವಿಯಲಿಲ್ಲ. ಅವನ ಹಿಂದಿನವರು ನೂಕಿದರು. ಅವನ ಕೈಯಲ್ಲಿ ಈಟಿ ಇತ್ತು.

ಅಷ್ಟೇ ಸಾಕಾಯಿತು. ಮೊದಲ ನೆತ್ತರು ಬಿದ್ದ ಮೇಲೆ ಯಾರಿಗೂ ಆವಿಗೆ ಕಾಣಲಿಲ್ಲ. ಸಂಜೆಯ ಹೊತ್ತಿಗೆ ಹಳ್ಳದಲ್ಲಿ ನಲವತ್ತೊಂದು ಹೆಣ. ಮೇಲಿನೂರಿನವು ಮೂರು, ಕೆಳಗಿನೂರಿನವು ನಾಲ್ಕು. ಮಿಕ್ಕವೆಲ್ಲ ಎರಡು ಪುಟ್ಟ ಹಳ್ಳಿಯವು. ಮಾನದ ಜಾಗ ಅವರದಲ್ಲವೇ?

ಒಂದು ತಿಂಗಳು ಕಳೆಯಿತು. ಗೌಡನಿಗೂ ದೇಸಾಯಿಗೂ ದಣಿವಾಯಿತು. ಸಂಧಿ ಮಾಡಿಕೊಂಡರು. ಅದೇ ಮರಳದಿಬ್ಬದ ಮೇಲೆ ಚಪ್ಪರ ಎದ್ದಿತು. ಒಬ್ಬರಿಗೊಬ್ಬರು ವೀಳ್ಯ ಕೊಟ್ಟರು. ಒಂದೇ ಪಂಕ್ತಿಯಲ್ಲಿ ಹೋಳಿಗೆ ಉಂಡರು. "ದೇಸಾಯರೆ, ಇನ್ನೊಂದು." "ಸಾಕು ಗೌಡರೆ, ಹೊಟ್ಟೆ ಬಿರಿಯುತ್ತದೆ." ಆ ಮರಳನ್ನು ಎರಡು ಸಲ ಮಗುಚಿ ಹಾಕಿದ್ದರು. ಆದರೂ ನೊಣ ಹೋಗಿರಲಿಲ್ಲ.

ಉಂಡು ಕೈ ತೊಳೆದ ಮೇಲೆ ತಪ್ಪು ಯಾರದೆಂದು ತೀರ್ಮಾನಿಸಲು ಕೂತರು. ಹೊಗೆಯಿಂದ ಯುದ್ಧವಾಯಿತು. ಹೊಗೆ ಕುಂಬಾರನದು. ಕುಂಬಾರನನ್ನು ಕರೆಸಿದರು. ಅವನು ಬಾಯಿ ಬಿಡಲಿಲ್ಲ. ಆ ದಿನದಿಂದ ಅವನಿಗೆ ಮಾತು ನಿಂತಿತ್ತು. ಮಗಳು ಎದ್ದು ನಿಂತಳು. ಅವಳ ಕಂಕುಳಲ್ಲಿ ಒಂದು ಗಡಿಗೆ ಇತ್ತು.

"ಏನಮ್ಮ, ಹಸಿ ಸೌದೆ ಯಾಕೆ ಹಾಕಿದಿರಿ?" ಎಂದು ಕಾರಭಾರಿ ಕೇಳಿದ. "ನಿಮ್ಮ ಒಂದು ಹೊರೆ ಸೌದೆಯಿಂದ ಎಷ್ಟು ಜೀವ ಹೋಯಿತು ಗೊತ್ತೇ?"

ಅವಳು ಗಡಿಗೆಯನ್ನು ಇಬ್ಬರು ದೊಡ್ಡವರ ನಡುವೆ ಇಟ್ಟಳು. ಅವರು ಕೈ ತೊಳೆದ ತಂಬಿಗೆಯನ್ನೇ ಎತ್ತಿಕೊಂಡು ಅದರೊಳಗೆ ನೀರು ಸುರಿದಳು. ಎಲ್ಲರೂ ನೋಡುತ್ತಿದ್ದ ಹಾಗೆ ಗಡಿಗೆಯ ತಳ ಕುಸಿಯಿತು. ಮೈ ಜಾರಿತು. ಗಡಿಗೆ ಇದ್ದಲ್ಲಿ ಒಂದು ಮುದ್ದೆ ಕೆಸರು ಕೂತಿತು. ಕೆಸರು ನೀರು ಇಬ್ಬರ ಜರಿ ಅಂಚಿಗೂ ಹರಿಯಿತು.

"ಅರೆಬೆಂದದ್ದು" ಎಂದಳು. "ನಾನು ಗಂಡನ ಹೆಣ ಎತ್ತಲು ಹೋದಾಗ ಆವಿಗೆ ಆರಿಹೋಯಿತು. ಇನ್ನೊಂದು ಜಾವ ಉರಿದಿದ್ದರೆ ಬೇಯುತ್ತಿತ್ತು. ಮಣ್ಣು ಗಡಿಗೆಯಾಗಲು ಒಂದು ಜಾವ ಬೇಕಿತ್ತು, ದಣಿಗಳೆ. ನಿಮಗೆ ನೋಡಿ ಬರಲು ಬೇಕಿದ್ದದ್ದು ಅರ್ಧ ಜಾವ."

ದೇಸಾಯಿ ಪಂಚೆ ಎತ್ತಿಕೊಂಡ. ಗೌಡ ಬೇರೆಲ್ಲೋ ನೋಡಿದ. "ಹೆಣ್ಣು, ದುಃಖದಲ್ಲಿದ್ದಾಳೆ, ಬಿಡಿ" ಎಂದು ಯಾರೋ ದೊಡ್ಡ ಮನಸ್ಸು ಮಾಡಿದರು.

ತೀರ್ಮಾನ ಬರೆದರು. ಇನ್ನು ಮೇಲೆ ಆ ಸೀಮೆಯಲ್ಲಿ ಯಾರೂ ಆವಿಗೆ ಹೂಡಕೂಡದು. ಇಂಥ ತಪ್ಪು ಮತ್ತೆ ಆಗದಿರಲಿ ಎಂದು ಎರಡೂ ಹುಡೇವು ಇನ್ನೂ ನಾಲ್ಕು ಮೊಳ ಏರಲಿ.

ಅದೇ ಬೇಸಿಗೆಯ ಕೊನೆಗೆ ಮೇಲಿನೂರಿನಲ್ಲಿ ಗೌಡನ ಬಣವೆಗೆ ಬೆಂಕಿ ಬಿತ್ತು. ಈ ಸಲ ನಿಜವಾದ ಬೆಂಕಿ. ನಗಾರಿ ಬಡಿಯಿತು. ನಾಲ್ಕೂ ಕಡೆ ಬಡಿಯಿತು. ಆಣೆಯಂತೆ ಎಲ್ಲರೂ ಬಂದರು, ಒಬ್ಬನೂ ತಪ್ಪಿಸಿಕೊಳ್ಳಲಿಲ್ಲ. ಎಲ್ಲರ ಕೈಯಲ್ಲೂ ಈಟಿ. ಈಚೆಯವರು ಒಂದು ಸಾಲು ನಿಂತರು, ಆಚೆಯವರು ಒಂದು ಸಾಲು ನಿಂತರು. ಇದನ್ನು ಹಚ್ಚಿದವರು ಅವರೇ ಎಂದು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಅವರ ಬೆನ್ನ ಹಿಂದೆ ಊರು ಉರಿಯಿತು.

ಎಲ್ಲರಿಗಿಂತ ಕಡೆಯಲ್ಲಿ ಒಬ್ಬಳು ಬಂದಳು. ಅವಳ ತಲೆಯ ಮೇಲೆ ತವರಿನ ಹೊಸ್ತಿಲ ಹಳೆಯ ಗಡಿಗೆ ಇತ್ತು. ತುಂಬಿದ ಗಡಿಗೆ. ಆದ್ದರಿಂದ ನಿಧಾನ ಬಂದಳು. ಎರಡು ಸಾಲಿನ ನಡುವೆ ದಾರಿ ಮಾಡಿಕೊಂಡು ಹೋಗಿ ಬೆಂಕಿಗೆ ನೀರು ಹೊಯ್ದಳು.

ಒಂದು ಗಡಿಗೆ ನೀರಿಗೆ ಊರು ಆರುತ್ತದೆಯೇ?

ಅಯ್ಯನವರು ಕತೆ ನಿಲ್ಲಿಸಿದರು. ಅವರ ಮುಖ ಕೆಂಪಾಗಿತ್ತು. ಮುತ್ತುಗದ ಎಲೆಯೊಂದನ್ನು ಎತ್ತಿಕೊಂಡರು, ಹಚ್ಚಲಿಲ್ಲ, ಹಾಗೇ ಹಿಡಿದುಕೊಂಡು ಕೂತರು.

ನಿಂಬಣ್ಣ ಕೇಳಿದ. "ಹಾಗಾದರೆ ತಪ್ಪು ಯಾರದು, ಅಯ್ಯನವರೆ? ಗೌಡನದೇ, ದೇಸಾಯಿಯದೇ? ಆ ಕಾವಲುಗಾರನದೇ?"

"ನಿನ್ನ ಓಲೆ ತಂದಿದ್ದೀಯಲ್ಲ. ಓದು."

ನಿಂಬಣ್ಣ ಮಡಿಲಿನಿಂದ ಓಲೆ ತೆಗೆದ. ತಗ್ಗಿದ ದನಿಯಲ್ಲಿ ಓದಿದ. ಊರಿನಿಂದ ಇಷ್ಟು ಆಳು. ಇಷ್ಟು ಈಟಿ. ಇಷ್ಟು ಚೀಲ ಜೋಳ. ಮುಂದಿನ ಸಾಲಿನಲ್ಲಿ ನಿಲ್ಲುವವರು ಇಂಥಿಂಥವರು. ಆ ಹೆಸರುಗಳಲ್ಲಿ ಅವನ ತಮ್ಮನದೂ ಇತ್ತು. ಅದನ್ನು ಅವನು ಮೊದಲೂ ಓದಿದ್ದ. ಈಗ ಅದರ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದ. ಗಂಟೆ ಬಾರಿಸುವವನು ನಿಂಬಣ್ಣ. ಅಲ್ಲಿಗೆ ಓಲೆ ಮುಗಿಯಿತು. ಅವನು ಅದನ್ನು ತಿರುಗಿಸಿ ಹಿಂಬದಿ ನೋಡಿದ. ಅಲ್ಲಿ ಏನೂ ಬರೆದಿರಲಿಲ್ಲ.

ಅಯ್ಯನವರು ಎದ್ದರು. ತೊಲೆಯಿಂದ ಗಂಟೆ ಬಿಚ್ಚಿದರು. ತಂದು ಅವನ ತೊಡೆಯ ಮೇಲೆ ಇಟ್ಟರು. ಭಾರವಾಗಿತ್ತು.

"ತಗೊಂಡು ಹೋಗು, ಆದರೆ ನೋಡಿಬರುವವನ ಹೆಸರು ಹೇಳಿ ಹೋಗು."